ಕೊಬ್ಬನ್ನು ಫ್ರೀಜ್ ಮಾಡಿಸಿದರೆ ಹೊಟ್ಟೆ ನಿಜವಾಗಿಯೂ ಇಳಿಯುತ್ತದಾ? ಚರ್ಮದ ಡಾಕ್ಟರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ದಾವಣಗೆರೆಯ ಸದಸ್ಯೆ): ನಮಸ್ಕಾರ ಡಾಕ್ಟ್ರೇ. ನನಗೆ 38 ವರ್ಷ, ಇಬ್ಬರು ಮಕ್ಕಳು, ಎರಡನೆಯದು ಸಿಸೇರಿಯನ್. ತೂಕ 61 ಕೆಜಿ. ದಿನಾ ವಾಕಿಂಗ್ ಹೋಗುತ್ತೇನೆ, ರಾತ್ರಿ ಅನ್ನ ಬಿಟ್ಟಿದ್ದೇನೆ. ಆದರೂ ಹೊಕ್ಕುಳ ಕೆಳಗಿನ ಹೊಟ್ಟೆ ಮಾತ್ರ ಜಪ್ಪಯ್ಯ ಅಂದರೂ ಇಳಿಯುತ್ತಿಲ್ಲ. ಒಂದು ಕ್ಲಿನಿಕ್‌ನಲ್ಲಿ ವಿಚಾರಿಸಿದೆ. "ಆಪರೇಷನ್ ಇಲ್ಲ, ಮಷಿನ್ ಇಟ್ಟು ಕೊಬ್ಬನ್ನು ಫ್ರೀಜ್ ಮಾಡುತ್ತೇವೆ, ಕರಗಿ ಮೂತ್ರದಲ್ಲಿ ಹೋಗುತ್ತದೆ, ಐದು ಕೆಜಿ ಇಳಿಯುತ್ತೀರಿ" ಅಂದರು. ನಿಜಾನಾ? ಒಳಗೆ ಏನಾಗುತ್ತದೆ, ಸ್ವಲ್ಪ ಬಿಡಿಸಿ ಹೇಳಿ.

ಉತ್ತರ: ನಮಸ್ಕಾರ. ಫ್ರೀಜ್ ಮಾಡುವುದು ನಿಜ. ಮೂತ್ರದ ಮಾತು ಸುಳ್ಳು. ಐದು ಕೆಜಿ ಮಾತು ಅದಕ್ಕಿಂತ ದೊಡ್ಡ ಸುಳ್ಳು.

ಡಿಸೆಂಬರ್ ಬೆಳಿಗ್ಗೆ ಬಚ್ಚಲುಮನೆಗೆ ಹೋದರೆ ಬಾಟಲಿಯ ತೆಂಗಿನೆಣ್ಣೆ ಬೆಳ್ಳಗೆ ಗಟ್ಟಿಯಾಗಿರುತ್ತದೆ. ಪಕ್ಕದ ಬಕೆಟ್‌ನ ನೀರಿಗೆ ಏನೂ ಆಗಿರುವುದಿಲ್ಲ, ಅಲ್ವಾ? ಈ ಚಿಕಿತ್ಸೆ ನಿಂತಿರುವುದು ಅದರ ಮೇಲೆಯೇ. ಚರ್ಮ, ಸ್ನಾಯು ಇವುಗಳಲ್ಲಿ ನೀರು ಜಾಸ್ತಿ. ಕೊಬ್ಬಿನ ಕೋಶದ ತುಂಬ ಜಿಡ್ಡು. ನೀರು ಮಂಜುಗಡ್ಡೆ ಆಗದಷ್ಟು ಚಳಿಯಲ್ಲೇ ಆ ಜಿಡ್ಡು ಹರಳುಗಟ್ಟುತ್ತದೆ. ಕೋಶಕ್ಕೆ ಪೆಟ್ಟು ಬೀಳುತ್ತದೆ, ಕೆಲವು ದಿನಗಳಲ್ಲಿ ಅದು ತಾನಾಗಿ ಸಾಯುತ್ತದೆ. ಮೇಲಿನ ಚರ್ಮ ಉಳಿಯುತ್ತದೆ.

ಇದರ ಸುಳಿವು ಸಿಕ್ಕಿದ್ದು ಐಸ್‌ಕ್ಯಾಂಡಿಯಿಂದ. 1970ರಲ್ಲಿ ಅಮೆರಿಕದ ಇಬ್ಬರು ವೈದ್ಯರು ಒಂದು ಕೂಸಿನ ಬಗ್ಗೆ ಬರೆದರು. ಐಸ್‌ಕ್ಯಾಂಡಿ ಚೀಪಿದ ಮೇಲೆ ಅದರ ಕೆನ್ನೆಯೊಳಗೆ ಕೆಂಪಗೆ ಗಟ್ಟಿ ಗಂಟು ಕಟ್ಟಿತ್ತು. ಕೆನ್ನೆಯ ಕೊಬ್ಬು ಚಳಿಗೆ ಉರಿಯೂತಗೊಂಡಿತ್ತು. ಕೊರೆಯುವ ಚಳಿಯಲ್ಲಿ ಕುದುರೆ ಸವಾರಿ ಮಾಡುವ ಹೆಂಗಸರ ತೊಡೆಯಲ್ಲೂ ಇಂಥದ್ದೇ ಕಂಡಿತ್ತು. ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಡೀಟರ್ ಮ್ಯಾನ್‌ಸ್ಟೈನ್ ಮತ್ತು ರಾಕ್ಸ್ ಆ್ಯಂಡರ್ಸನ್ ಈ ಎಳೆ ಹಿಡಿದು ಹಂದಿಗಳ ಮೇಲೆ ಪ್ರಯೋಗ ಮಾಡಿ 2008ರಲ್ಲಿ ಪ್ರಕಟಿಸಿದರು. 2010ರಲ್ಲಿ ಸೊಂಟದ ಪಕ್ಕದ ಕೊಬ್ಬಿಗೆ ಅಲ್ಲಿನ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಅನುಮತಿ ಸಿಕ್ಕಿತು, ಹೊಟ್ಟೆಗೆ ಸಿಕ್ಕಿದ್ದು ಆಮೇಲೆ. ಇದಕ್ಕೆ ಕ್ರಯೋಲಿಪೊಲಿಸಿಸ್ ಅಂತ ಹೆಸರು. ಕೂಲ್‌ಸ್ಕಲ್ಪ್ಟಿಂಗ್ ಅನ್ನುವುದು ಒಂದು ಕಂಪನಿಯ ಬ್ರ್ಯಾಂಡ್.

ಮಾಡುವುದು ಹೀಗೆ. ಚರ್ಮದ ಮೇಲೆ ಜೆಲ್ ಹಾಳೆ ಹಾಕುತ್ತಾರೆ. ಒಂದು ಕಪ್ ಕೊಬ್ಬಿನ ಮಡಿಕೆಯನ್ನು ಒಳಗೆ ಎಳೆದುಕೊಂಡು ತಣ್ಣಗೆ ಮಾಡುತ್ತದೆ. ಮೊದಲ ಐದು ಹತ್ತು ನಿಮಿಷ ಎಳೆತ, ಉರಿ. ಆಮೇಲೆ ಜಾಗ ಮರಗಟ್ಟುತ್ತದೆ. 35ರಿಂದ 60 ನಿಮಿಷ ಬಿಟ್ಟು ಕಪ್ ತೆಗೆದರೆ ಆ ಮಡಿಕೆ ಫ್ರಿಜ್‌ನಿಂದ ಈಗಷ್ಟೇ ತೆಗೆದ ಬೆಣ್ಣೆ ಗಟ್ಟಿಯ ಹಾಗೆ, ಕಪ್ಪಿನ ಆಕಾರದಲ್ಲೇ ಎದ್ದು ನಿಂತಿರುತ್ತದೆ. ಮೊದಲ ಸಲ ನೋಡಿದವರು ಗಾಬರಿಯಾಗುತ್ತಾರೆ. ಅದನ್ನು ಎರಡು ನಿಮಿಷ ಚಪಾತಿ ಹಿಟ್ಟು ನಾದಿದ ಹಾಗೆ ಗಟ್ಟಿಯಾಗಿ ತಿಕ್ಕಬೇಕು. ಹಾಗೆ ತಿಕ್ಕಿದರೆ ಫಲ ಜಾಸ್ತಿ. ನೋವೂ ಜಾಸ್ತಿ.

ಉಳಿದ ಕೆಲಸವೆಲ್ಲ ನಿಮ್ಮ ದೇಹದ್ದು. ಮೂರನೇ ದಿನದ ಹೊತ್ತಿಗೆ ಅಲ್ಲಿ ಉರಿಯೂತ ಶುರುವಾಗುತ್ತದೆ, ಎರಡು ವಾರಕ್ಕೆ ಜೋರಾಗುತ್ತದೆ. ಬಿಳಿ ರಕ್ತಕಣಗಳು ಬಂದು ಸತ್ತ ಕೋಶಗಳನ್ನು ನುಂಗಿ ಜಾಗ ಸ್ವಚ್ಛ ಮಾಡುತ್ತವೆ. ಇದಕ್ಕೆ ಎರಡು ಮೂರು ತಿಂಗಳು ಬೇಕು. ಒಳಗಿದ್ದ ಜಿಡ್ಡು ನಿಧಾನವಾಗಿ ಹೋಗುವುದರಿಂದ ರಕ್ತದ ಕೊಲೆಸ್ಟ್ರಾಲ್, ಲಿವರ್ ಟೆಸ್ಟ್‌ಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಅಧ್ಯಯನಗಳಲ್ಲಿ ಕಂಡಿಲ್ಲ. ಒಂದು ಸಲಕ್ಕೆ ಆ ಜಾಗದ ಕೊಬ್ಬಿನ ಪದರ ಸುಮಾರು 20ರಿಂದ 25 ಶೇಕಡಾ ತೆಳುವಾಗಬಹುದು. 4 ಸೆಂಟಿಮೀಟರ್ ಇದ್ದದ್ದು 3 ಆಯಿತು ಅಂದುಕೊಳ್ಳಿ. ಸೀರೆ ಉಟ್ಟಾಗ ನಿಮಗೆ ಗೊತ್ತಾಗುತ್ತದೆ, ತೂಕದ ಯಂತ್ರಕ್ಕೆ ಗೊತ್ತಾಗುವುದಿಲ್ಲ.

ಈಗ ನಿಮ್ಮ ವಿಷಯ. ದುಡ್ಡು ಕಟ್ಟುವ ಮೊದಲು ಒಂದು ಕೆಲಸ ಮಾಡಿ. ಅಂಗಾತ ಮಲಗಿ, ಮಂಡಿ ಮಡಚಿ, ತಲೆ ಮಾತ್ರ ಸ್ವಲ್ಪ ಎತ್ತಿ. ಹೊಟ್ಟೆಯ ಮಧ್ಯೆ ಉದ್ದಕ್ಕೆ ದಿಣ್ಣೆ ಏಳುತ್ತದಾ? ಅಥವಾ ಎರಡು ಬೆರಳು ಇಳಿಯುವಷ್ಟು ಸಂದು ಸಿಗುತ್ತದಾ? ಹಾಗಿದ್ದರೆ ಬಸುರಿಯಾಗಿದ್ದಾಗ ಸ್ನಾಯುಗಳು ಅಗಲವಾಗಿ ಹಾಗೇ ಉಳಿದಿರಬಹುದು. ಆ ಉಬ್ಬಿಗೆ ಈ ಮಷಿನ್ ಏನೂ ಮಾಡಲಾರದು, ಫಿಸಿಯೋಥೆರಪಿಯವರನ್ನು ನೋಡಿ. ಸಿಸೇರಿಯನ್ ಗಾಯದ ಹತ್ತಿರ ಹರ್ನಿಯಾ ಇದೆಯೇ ಅಂತಲೂ ಪರೀಕ್ಷೆ ಮಾಡಿಸಲೇಬೇಕು. ಹರ್ನಿಯಾ ಇರುವ ಕಡೆ ಕಪ್ ಇಡುವಂತಿಲ್ಲ. ಇವೆರಡನ್ನೂ ನೋಡದೆ ಪ್ಯಾಕೇಜ್ ರೇಟ್ ಹೇಳುವ ಕಡೆ ದಯವಿಟ್ಟು ಮಾಡಿಸಬೇಡಿ.

ಪ್ರಶ್ನೆ (ಬೆಂಗಳೂರಿನ ಸದಸ್ಯ): ಸರ್, ನನಗೆ 44. ಸೊಂಟದ ಸುತ್ತಳತೆ 104 ಸೆಂ.ಮೀ. ಶುಗರ್ ಬಾರ್ಡರ್‌ನಲ್ಲಿದೆ. ಹೊಟ್ಟೆ ಕಲ್ಲಿನ ಹಾಗೆ ಗಟ್ಟಿ. ಎರಡು ಸಲ ಮಾಡಿಸಿದರೆ ಶುಗರ್ ಕೂಡ ಇಳಿಯಬಹುದಾ?

ಉತ್ತರ: ಇಳಿಯುವುದಿಲ್ಲ. ನೀವು ಈ ದುಡ್ಡು ಖರ್ಚು ಮಾಡಲೇಬೇಡಿ. ಹೊಟ್ಟೆ ಗಟ್ಟಿ ಇದೆ, ಚಿವುಟಲು ಸಿಗುವುದಿಲ್ಲ ಅಂದರೆ ಕೊಬ್ಬು ಹೆಚ್ಚಾಗಿ ಸ್ನಾಯುವಿನ ಗೋಡೆಯ ಒಳಗೆ, ಕರುಳು ಲಿವರ್ ಸುತ್ತ ಕೂತಿದೆ. ಮಷಿನ್ ಮುಟ್ಟುವುದು ಚರ್ಮದ ಕೆಳಗಿನ, ಕೈಗೆ ಸಿಗುವ ಕೊಬ್ಬನ್ನು ಮಾತ್ರ. ಸಕ್ಕರೆ ಕಾಯಿಲೆಗೂ ಹೃದಯಕ್ಕೂ ಕಂಟಕ ಆ ಒಳಗಿನದ್ದು. ನಮ್ಮ ಕಡೆಯ ಜನರಿಗೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದರೆ ಎಚ್ಚರ ಅನ್ನುತ್ತೇವೆ. ನೀವು ತುಂಬಾ ಮುಂದೆ ಹೋಗಿದ್ದೀರಿ. ಒಳ್ಳೆಯ ಸುದ್ದಿ ಏನೆಂದರೆ ನಡಿಗೆಗೂ ಊಟದ ಹಿಡಿತಕ್ಕೂ ಒಳಗಿನ ಕೊಬ್ಬು ಚೆನ್ನಾಗಿ ಕರಗುತ್ತದೆ. ಈ ವಾರವೇ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ರಕ್ತಪರೀಕ್ಷೆ ಮಾಡಿಸಿ, ಫಿಸಿಷಿಯನ್‌ಗೆ ತೋರಿಸಿ.

ಪ್ರಶ್ನೆ (ಅಮೆರಿಕದಲ್ಲಿರುವ ಸದಸ್ಯೆ): ಮಾಡೆಲ್ ಲಿಂಡಾ ಇವಾಂಜೆಲಿಸ್ಟಾ ಅವರಿಗೆ ಕೊಬ್ಬು ಕಡಿಮೆಯಾಗುವ ಬದಲು ಬೆಳೆಯಿತಂತೆ. ಹಾಗೂ ಆಗುತ್ತದಾ?

ಉತ್ತರ: ಆಗುತ್ತದೆ. ಅವರು 2021ರಲ್ಲಿ ಬಹಿರಂಗವಾಗಿ ಹೇಳಿಕೊಂಡರು. ಕೋರ್ಟಿಗೆ ಹೋಗಿದ್ದ ಪ್ರಕರಣ 2022ರಲ್ಲಿ ರಾಜಿಯಾಯಿತು. ಈ ತೊಂದರೆ ವೈದ್ಯಕೀಯ ಪತ್ರಿಕೆಯಲ್ಲಿ ಮೊದಲು ವರದಿಯಾಗಿದ್ದು 2014ರಲ್ಲಿ. ಚಿಕಿತ್ಸೆಯಾದ ಕೆಲವು ತಿಂಗಳಿಗೆ, ಕಪ್ ಇಟ್ಟ ಜಾಗದಲ್ಲೇ, ಕಪ್ಪಿನದೇ ಆಕಾರದಲ್ಲಿ ಗಟ್ಟಿ ಉಬ್ಬು ಬೆಳೆಯುತ್ತದೆ. ನೋವಿರುವುದಿಲ್ಲ. ಡಯಟ್‌ಗೆ ಜಗ್ಗುವುದಿಲ್ಲ, ತಾನಾಗಿ ಹೋಗುವುದೂ ಇಲ್ಲ. ಕೊನೆಗೆ ಲೈಪೊಸಕ್ಷನ್ (ಕೊಬ್ಬನ್ನು ಕೊಳವೆಯಿಂದ ಹೀರಿ ತೆಗೆಯುವುದು) ಅಥವಾ ಆಪರೇಷನ್ ಬೇಕಾಗುತ್ತದೆ. ಆಪರೇಷನ್ ಬೇಡ ಅಂತ ಬಂದವರಿಗೇ ಆಪರೇಷನ್! ಮೊದಲು 20,000ಕ್ಕೆ ಒಂದು ಅಂತ ಅಂದಾಜಿತ್ತು, ಆಮೇಲಿನ ವರದಿಗಳು ಅದಕ್ಕಿಂತ ಜಾಸ್ತಿ ಅನ್ನುತ್ತವೆ. ಅಪರೂಪ ನಿಜ, ಆದರೆ ನಿಮಗೆ ಆದರೆ ಅದು ಪೂರ್ತಿ ನಿಮ್ಮದೇ. ಸಹಿ ಹಾಕುವ ಕಾಗದದಲ್ಲಿ ಇದರ ಮಾತಿದೆಯೇ, ಹಾಗೇನಾದರೂ ಆದರೆ ಖರ್ಚು ಯಾರದು ಅಂತ ಕೇಳಿಕೊಳ್ಳಿ.

ಪ್ರಶ್ನೆ (ಹುಬ್ಬಳ್ಳಿಯ ಸದಸ್ಯೆ): ಮನೆಯಲ್ಲೇ ಐಸ್ ಪ್ಯಾಕ್ ಕಟ್ಟಿಕೊಂಡರೆ ಆಗಲ್ವಾ?

ಉತ್ತರ: ಬೇಡವೇ ಬೇಡ. ಕೊಬ್ಬಿಗಿಂತ ಮೊದಲು ಚರ್ಮ ಸುಟ್ಟುಹೋಗುತ್ತದೆ. ಮಷಿನ್ ತಾಪಮಾನವನ್ನು ಹಿಡಿತದಲ್ಲಿ ಇಡುತ್ತದೆ. ಐಸ್‌ಗೆ ಆ ಹಿಡಿತ ಇಲ್ಲ.

ಪ್ರಶ್ನೆ (ಮಡಿಕೇರಿಯ ಸದಸ್ಯೆ): ನಾನು ಮುಂದಿನ ತಿಂಗಳು ಮಾಡಿಸಬೇಕು ಅಂದುಕೊಂಡಿದ್ದೆ. ಒಂದು ಸಣ್ಣ ಸಂಶಯ. ಮಳೆಗಾಲದಲ್ಲಿ ತಣ್ಣೀರಲ್ಲಿ ಪಾತ್ರೆ ತೊಳೆದರೆ ಕೈ ಮೇಲೆಲ್ಲ ದದ್ದು ಎದ್ದು ತುರಿಸುತ್ತದೆ. ಅರ್ಧ ಗಂಟೆಗೆ ಹೋಗುತ್ತದೆ. ತೊಂದರೆ ಇಲ್ಲ ತಾನೇ?

ಉತ್ತರ: ಕೇಳಿದ್ದು ತುಂಬಾ ಒಳ್ಳೆಯದಾಯಿತು. ಸದ್ಯಕ್ಕೆ ಆ ಯೋಚನೆ ಬಿಡಿ. ನಿಮಗೆ ಚಳಿಯ ಅಲರ್ಜಿ ಇರುವ ಹಾಗಿದೆ. ಹತ್ತಿರದ ಚರ್ಮದ ಡಾಕ್ಟರ್ ಬಳಿ ಹೋದರೆ ಮುಂಗೈ ಮೇಲೆ ಐದು ನಿಮಿಷ ಐಸ್ ಇಟ್ಟು ತೆಗೆದು ದದ್ದು ಏಳುತ್ತದಾ ಅಂತ ನೋಡುತ್ತಾರೆ. ಚಳಿಗೆ ರಕ್ತದಲ್ಲಿ ಕೆಡುಕಾಗುವ ಕೆಲವು ಕಾಯಿಲೆಗಳಿವೆ. ಕ್ರಯೋಗ್ಲಾಬ್ಯುಲಿನೇಮಿಯಾ ಅಂತ ಒಂದು, ಚಳಿಗೆ ಕೆಂಪು ರಕ್ತಕಣ ಒಡೆಯುವಂಥದ್ದು ಇನ್ನೊಂದು. ಇಂಥವರಿಗೆ ಈ ಮಷಿನ್ ಕಡ್ಡಾಯವಾಗಿ ಬೇಡ. ಅದಕ್ಕೆ ಬೇಕಾದರೆ ರಕ್ತವನ್ನೂ ಪರೀಕ್ಷಿಸುತ್ತಾರೆ. ಅಲ್ಲಿಯವರೆಗೆ ಉಗುರು ಬೆಚ್ಚಗಿನ ನೀರು ಬಳಸಿ. ಇನ್ನೊಂದು ಮಾತು, ಮನೆಯವರಿಗೂ ಹೇಳಿಡಿ: ಹೊಳೆಗೋ ಜಲಪಾತಕ್ಕೋ ಹೋದಾಗ ತಣ್ಣೀರಿಗೆ ಇಳಿಯಬೇಡಿ. ಮೈಯೆಲ್ಲ ಒಮ್ಮೆಗೇ ತಣ್ಣಗಾದರೆ ಬಿಪಿ ಕುಸಿದು ನೀರಲ್ಲೇ ಪ್ರಜ್ಞೆ ತಪ್ಪಬಹುದು.