ಅಪ್‌ಡೇಟ್: ಸೆಂಟ್ರಿಂಗ್ ಬಿಚ್ಚುವ ವಿಷಯ ಏನಾಯ್ತು

ಹೋದ ಸಲ ಕೇಳಿದ್ದೆನಲ್ಲ, ಹೊಸ ಮನೆಯ ತಾರಸಿ ಹಾಕಿ ವಾರ ಆಯ್ತು, ಮೇಸ್ತ್ರಿ ಪೂರ್ತಿ ಸೆಂಟ್ರಿಂಗ್ (ಕಾಂಕ್ರೀಟ್ ಗಟ್ಟಿಯಾಗುವವರೆಗೆ ಕೆಳಗೆ ಆಧಾರ ಕೊಡುವ ಶೀಟು, ಕಂಬಗಳು) ಬಿಚ್ಚುತ್ತೇನೆ ಅಂತಿದ್ದಾರೆ, ಒಪ್ಪಬಹುದಾ ಅಂತ? ಸಲಹೆ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಕೊನೆಗೆ ಎಂಜಿನಿಯರನ್ನೇ ಕರೆಸಿದೆವು. ಅವರು ಟೇಪ್ ಹಿಡಿದು ಒಂದೊಂದೇ ಕೋಣೆ ಅಳೆದರು. 4.5 ಮೀಟರ್ ಒಳಗಿನ ಸ್ಲ್ಯಾಬ್‌ಗೆ 7 ದಿನ ಸಾಕು, ಅದಕ್ಕಿಂತ ಅಗಲ ಇದ್ದರೆ 14 ದಿನ, ಬೀಮ್‌ಗಳ ಕೆಳಗೂ ಕನಿಷ್ಠ 14 ಅಂದರು. ಚಳಿ ಇದ್ದರೆ ಇನ್ನೂ ಜಾಸ್ತಿ. ಹಾಗಾಗಿ ಮಲಗುವ ಕೋಣೆಗಳದ್ದು ಮಾತ್ರ ಬಿಚ್ಚಿಸಿ, ಹಾಲ್‌ನದ್ದು ಹಾಗೇ ಬಿಟ್ಟೆವು. ಮೇಸ್ತ್ರಿ ಮುಖ ಊದಿಸಿಕೊಂಡರು. ಅವರಿಗೆ ಬೇರೆ ಸೈಟಿಗೆ ಶೀಟು ಬೇಕಿತ್ತು, ಅಷ್ಟೇ ವಿಷಯ!

ತಾರಸಿ ಮೇಲೆ ಗಾರೆಯಲ್ಲಿ ಸಣ್ಣ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸಿದ್ದೇವೆ. ಅದರ ಉಸ್ತುವಾರಿ ಅಪ್ಪನದು. ಬೆಳಿಗ್ಗೆ ಎದ್ದವರೇ ಪೈಪ್ ಹಿಡಿದು ಮೇಲೆ ಹತ್ತುತ್ತಾರೆ, ಯಾವ ಮಡಿ ಒಣಗಿದೆ ಅಂತ ಬೆರಳಿಟ್ಟು ನೋಡುತ್ತಾರೆ. ಮನೆಯ ಗಿಡಗಳಿಗೆ ಯಾವತ್ತೂ ಒಂದು ಚೊಂಬು ನೀರು ಹಾಕಿದವರಲ್ಲ ಅಂತ ಅಮ್ಮನ ಕೊಂಕು.

ಬಿಚ್ಚಿದ ಕಡೆ ತಳ ನಯವಾಗಿದೆ. ಒಂದು ಮೂಲೆಯಲ್ಲಿ ಮಾತ್ರ ಜಲ್ಲಿ ಕಾಣುತ್ತಿತ್ತು, ಕಾಂಕ್ರೀಟ್ ಅದುರಿಸಿ ಕೂರಿಸುವ ವೈಬ್ರೇಟರ್ ಅಲ್ಲಿಗೆ ಸರಿಯಾಗಿ ತಲುಪಿಲ್ಲ. ಕಂಬಿ ಹೊರಗೆ ಕಾಣದ್ದರಿಂದ ಗಾಬರಿ ಬೇಡ, ಸಡಿಲ ಇರುವುದನ್ನು ಕೆತ್ತಿ ತುಂಬಿಸಿದರೆ ಸಾಕು ಅಂದರು ಎಂಜಿನಿಯರ್. ಹಾಲ್‌ನದ್ದು ಮುಂದಿನ ವಾರ ಬಿಚ್ಚುತ್ತಾರೆ.