ಸೆಕೆಂಡ್ ಹ್ಯಾಂಡ್ ಪಿಕಪ್: ಕ್ರೂಸ್ ಹಗಲು ಹಿಡಿಯುತ್ತೆ, ರಾತ್ರಿ ಹಿಡಿಯಲ್ಲ. ಸ್ಟೇರಿಂಗ್ ಸ್ವಿಚ್ಚಾ, ಇಸಿಯುನಾ?

ಮೆಣಸಿನಬಳ್ಳಿ_ಮೂಡಿಗೆರೆ

ನೋಡ್ತಿರೋ ಗಾಡಿ 2019ರ ಡಬಲ್ ಕ್ಯಾಬ್ ಡೀಸೆಲ್ ಪಿಕಪ್, ಫೋರ್ ಬೈ ಫೋರ್, ಮ್ಯಾನ್ಯುಯಲ್ ಗೇರ್, 94 ಸಾವಿರ ಕಿ.ಮೀ. ಕಾಫಿ ತೋಟದಲ್ಲಿ ಓಡಿದ್ದು. ಇಂಜಿನ್, ಗೇರ್, ಚಾಸಿ ಚೆನ್ನಾಗಿವೆ. ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ. ತಕರಾರೆಲ್ಲ ಕರೆಂಟಿನದ್ದೇ:

ಕ್ರೂಸ್ (ಆಕ್ಸಿಲರೇಟರ್ ಒತ್ತದೇನೇ ಸೆಟ್ ಮಾಡಿದ ವೇಗ ಹಿಡಿಯೋ ವ್ಯವಸ್ಥೆ) ಮೇನ್ ಬಟನ್ ಒತ್ತಿದ್ರೆ ಮೀಟರಲ್ಲಿ ದೀಪ ಬರುತ್ತೆ. ಹಾಸನ–ಚನ್ನರಾಯಪಟ್ಟಣ ಫೋರ್‌ಲೇನಲ್ಲಿ ಹಗಲು 80ಕ್ಕೆ ಸೆಟ್ ಮಾಡಿದ್ರೆ ಹಿಡಿಯುತ್ತೆ, ಆದ್ರೆ ಸೇತುವೆ ಜಾಯಿಂಟ್ ಮೇಲೆ ಕುಲುಕಿದ್ರೆ ಬಿಟ್ಟುಬಿಡುತ್ತೆ. ಹೆಡ್‌ಲೈಟ್ ಹಾಕಿದ ಮೇಲೆ ಸೆಟ್ಟೇ ಆಗಲ್ಲ. ಸ್ಟೇರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿದಾಗ ಹಾರ್ನ್ ಒಂದೊಂದು ಸಲ ಮಾತಾಡಲ್ಲ. ಮಳೆಯಲ್ಲಿ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ನೋಡ್ಕೊಳ್ಳೋದು) ದೀಪ ಎರಡು ಸಲ ಬಂದು ಹೋಯ್ತು.

ಮಾರೋರು "ಸ್ಟೇರಿಂಗ್ ಸ್ವಿಚ್ ಹಾಕಿಸ್ಕೊಳ್ಳಿ, ಸರಿ ಹೋಗುತ್ತೆ" ಅಂತಾರೆ. ಇನ್ನೊಬ್ರು ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರ್) ಹೋಗಿದೆ, ಗುಜರಿಯಿಂದ ತರಿಸೋಣ ಅಂತಾರೆ. ಯಾವುದನ್ನ ನಂಬೋದು?

ಬಿಎಂರೋಡ್_ಎಲೆಕ್ಟ್ರಿಕಲ್

ಎರಡನ್ನೂ ನಂಬಬೇಡಿ ಸಾರ್. ಸ್ವಿಚ್ ಹೋಗಿದ್ರೆ ಹಗಲೂ ಸೆಟ್ ಆಗ್ತಿರಲಿಲ್ಲ. ಇಸಿಯು ಹೋಗಿದ್ರೆ ಗಾಡಿ ಸ್ಟಾರ್ಟ್ ಆಗೋದೇ ಅನುಮಾನ.

ಈಗಿನ ಡೀಸೆಲ್ ಪಿಕಪ್‌ನಲ್ಲಿ ಕ್ರೂಸ್ ಅಂತ ಬೇರೆ ಮೋಟಾರ್ ಏನೂ ಇಲ್ಲ, ಅದು ಇಸಿಯು ಒಳಗಿನ ಪ್ರೋಗ್ರಾಂ. ಬ್ರೇಕ್ ಒತ್ತಿಲ್ಲ, ಕ್ಲಚ್ ಒತ್ತಿಲ್ಲ, ವೇಗದ ಸಿಗ್ನಲ್ ನೆಟ್ಟಗಿದೆ, ಆಕ್ಸಿಲರೇಟರ್ ಪೆಡಲಿನ ಎರಡು ಸೆನ್ಸರ್ ಒಂದೇ ಮಾತು ಹೇಳ್ತಿವೆ, ಇಷ್ಟೂ ಖಾತ್ರಿಯಾದ್ರೆ ಮಾತ್ರ ಹಿಡಿಯುತ್ತೆ. ಒಂದು ತಪ್ಪಿದ್ರೂ ಕೈ ಬಿಡುತ್ತೆ. ಹಂಗಾಗಿ ಕ್ರೂಸ್ ಕೆಟ್ಟಿದೆ ಅಂದ್ರೆ ಹೆಚ್ಚಿನ ಸಲ ಕೆಟ್ಟಿರೋದು ಇನ್ನೇನೋ. ಮೇನ್ ದೀಪವೇ ಬರದಿದ್ರೆ ಸ್ವಿಚ್, ಕ್ಲಾಕ್ ಸ್ಪ್ರಿಂಗ್ (ಸ್ಟೇರಿಂಗ್ ಒಳಗಿನ ಸುರುಳಿ ವೈರ್), ಫ್ಯೂಸ್ ಕಡೆ ಹೋಗಬೇಕು. ದೀಪ ಬಂದೂ ಸೆಟ್ ಆಗದಿದ್ರೆ ಬ್ರೇಕ್, ಕ್ಲಚ್, ವೇಗ. ನಿಮ್ಮದು ಎರಡನೇ ಜಾತಿ.

"ಲೈಟ್ ಹಾಕಿದ್ರೆ ಸೆಟ್ ಆಗಲ್ಲ" ಅನ್ನೋದೇ ಇಲ್ಲಿ ದೊಡ್ಡ ಸುಳಿವು. ಕತ್ತಲಲ್ಲಿ ಗಾಡಿ ನಿಲ್ಲಿಸಿ, ಪಾರ್ಕಿಂಗ್ ಲೈಟ್ ಹಾಕಿ, ಬ್ರೇಕ್ ಮುಟ್ಟದೆ ಹಿಂದೆ ಹೋಗಿ ನೋಡಿ. ಮೇಲಿನ ಮೂರನೇ ಬ್ರೇಕ್ ಲೈಟ್ ಮಂದವಾಗಿ ಉರೀತಿದ್ರೆ ಕಳ್ಳ ಸಿಕ್ಕಿದ ಹಾಗೆ. ಹಿಂದಿನ ಬಲ್ಬುಗಳಲ್ಲಿ ಒಂದು ಕಂಪನಿಯದ್ದು, ಇನ್ನೊಂದು ಎಲ್‌ಇಡಿ ಇದೆಯಾ ಅಂತಲೂ ನೋಡಿ.

ಆಮೇಲೆ ಓಬಿಡಿ (ಗಾಡಿಯ ಕಂಪ್ಯೂಟರ್ ಓದೋ ಸಾಕೆಟ್) ಬ್ಲೂಟೂತ್ ಅಡಾಪ್ಟರ್ ಹಾಕಿ ಲೈವ್ ಡೇಟಾ ತೆಗೀರಿ. ಆ ಗಾಡಿಯ ಪೂರ್ತಿ ಡೇಟಾ ತೋರಿಸೋ ಆ್ಯಪ್ ಅಥವಾ ಸ್ಕ್ಯಾನರ್ ಬೇಕು, ಬರೀ ಇಂಜಿನ್ ಕೋಡ್ (ಇಸಿಯು ಬರೆದಿಟ್ಟ ದೋಷದ ನಂಬರ್) ಓದೋದು ಸಾಲದು. ಬ್ರೇಕ್ ಸ್ವಿಚ್ 1, ಬ್ರೇಕ್ ಸ್ವಿಚ್ 2 (ಪೆಡಲ್ ಒತ್ತಿದ್ದನ್ನ ಇಸಿಯುಗೆ ಹೇಳೋ ಎರಡು ಸಿಗ್ನಲ್), ಕ್ಲಚ್ ಸ್ವಿಚ್, ನಾಲ್ಕು ಚಕ್ರದ ವೇಗ, ಇಷ್ಟನ್ನ ಒಂದೇ ಪುಟದಲ್ಲಿ ಇಟ್ಕೊಳ್ಳಿ. ಲೈಟ್ ಆಫ್ ಇದ್ದಾಗ ಒಮ್ಮೆ, ಆನ್ ಇದ್ದಾಗ ಒಮ್ಮೆ ಬರ್ಕೊಂಡು ಇಲ್ಲಿ ಹಾಕಿ. ಕೋಡ್ ಇದ್ರೆ ಅಳಿಸಬೇಡಿ. ಪಿ0504 ಅಂದ್ರೆ ಎರಡು ಬ್ರೇಕ್ ಸ್ವಿಚ್‌ಗೆ ತಾಳೆ ಇಲ್ಲ, ಪಿ0571 ಬ್ರೇಕ್ ಸ್ವಿಚ್ ಸರ್ಕ್ಯೂಟ್, ಪಿ0704 ಕ್ಲಚ್ ಸ್ವಿಚ್, ಪಿ0500 ವೇಗದ ಸಿಗ್ನಲ್. ಸ್ಟೇರಿಂಗ್ ಬಟನ್ನಿನದ್ದೇ ಆದ್ರೆ ಹೆಚ್ಚಾಗಿ ಪಿ0564ರಿಂದ ಪಿ0570ರ ಒಳಗೆ ಬರುತ್ತೆ.

ಚಾರ್ಮಾಡಿ_ಡೀಸೆಲ್

ತೋಟದ ಗಾಡಿ ಅಂದ್ರಲ್ಲ ಮಾರಾಯ್ರೆ, ಮೊದಲು ಇಲಿ ಕಡಿದಿದೆಯಾ ನೋಡಿ. ಶೆಡ್ಡಿನಲ್ಲಿ ಗೊಬ್ಬರದ ಮೂಟೆ ಪಕ್ಕ ನಿಂತ ಗಾಡಿಯ ಬಾನೆಟ್ ಕೆಳಗೆ ಬೆಚ್ಚಗಿರುತ್ತೆ, ಇಲಿ ಅಲ್ಲೇ ಸಂಸಾರ ಹೂಡುತ್ತೆ. ಬ್ಯಾಟರಿ ಹಿಂದಿನ ವೈರಿಂಗ್, ಇಂಜಿನ್ ಮೇಲೆ ಹೋಗೋ ಇಂಜೆಕ್ಟರ್ (ಡೀಸೆಲ್ ಚಿಮ್ಮಿಸೋದು) ಹಾರ್ನೆಸ್ ಅಂದ್ರೆ ವೈರಿನ ಕಟ್ಟು, ಕಡೆಗೆ ಚಾಸಿ ಮೇಲೆ ಹಿಂದಿನ ಲೈಟಿಗೆ ಹೋಗೋ ಕೊಳವೆ, ಈ ಮೂರೂ ಕಡೆ ಟಾರ್ಚ್ ಬಿಟ್ಟು ನೋಡಿ. ಇನ್ಸುಲೇಷನ್ ಟೇಪ್ ಹೊಸದಾಗಿ ಹೊಳೀತಿದ್ರೆ ಅಲ್ಲಿ ಬಿಚ್ಚಿಸಿ ನೋಡದೆ ಬಿಡಬೇಡಿ. ತಿರುಚಿ ಟೇಪ್ ಸುತ್ತಿದ ಜಾಯಿಂಟ್ ನಮ್ಮ ಮಳೆಗೆ ಎರಡು ವರ್ಷ ತಡೆಯಲ್ಲ, ಒಳಗೆ ಹಸಿರು ಕಿಲುಬು ಹಿಡಿದು ತಾಮ್ರ ಪುಡಿಯಾಗುತ್ತೆ.

ಎರಡನೇದು, ಡ್ರೈವರ್ ಕಾಲಿನ ಹತ್ತಿರ ಮ್ಯಾಟ್ ಎತ್ತಿ ಕಾರ್ಪೆಟ್ ಅದುಮಿ ನೋಡಿ. ನೀರು ಜಿನುಗಿದ್ರೆ ಪಕ್ಕದ ಪ್ಯಾನಲ್ ಒಳಗಿನ ಕನೆಕ್ಟರಿಗೂ ನೀರು ಇಳಿದಿದೆ ಅಂತಲೇ ಲೆಕ್ಕ. ಗ್ಲಾಸ್ ಬೀಡಿಂಗಿನಿಂದ ಬರುತ್ತೆ, ಇಲ್ಲಾಂದ್ರೆ ಮೇಲಿನ ಕ್ಯಾರಿಯರಿಗೆ ಅಂತ ತೂತು ಕೊರೆದ ಜಾಗದಿಂದ.

ಮೂರನೇದು ಫಾಗ್ ಲೈಟ್, ಹೆಚ್ಚುವರಿ ಹಾರ್ನ್, ಟ್ರೈಲರ್ ಸಾಕೆಟ್. ಇವಕ್ಕೆ ಕರೆಂಟ್ ಎಲ್ಲಿಂದ ಎಳೆದಿದ್ದಾರೆ ನೋಡಿ. ಬ್ರೇಕ್ ಲೈಟ್ ವೈರಿಗೇ ಕಚ್ಚಿಸಿರೋದು ಬಹಳ.

ಮೆಣಸಿನಬಳ್ಳಿ_ಮೂಡಿಗೆರೆ

ನೋಡಿದ್ದಾಯ್ತು. ಇಲಿ ಕಾಟ ಇಲ್ಲ, ಕಾರ್ಪೆಟ್ ಒಣಗಿದೆ. ಮೂರನೇ ಬ್ರೇಕ್ ಲೈಟ್ ಮಂದವಾಗಿ ಉರೀತಿದೆ! ಬಲ ಹಿಂದೆ ಎಲ್‌ಇಡಿ ಬಲ್ಬ್, ಎಡ ಹಿಂದೆ ಮಾಮೂಲಿ ಎರಡು ಫಿಲಮೆಂಟಿನದ್ದು.

ಲೈಟ್ ಆಫ್: ಬ್ರೇಕ್ ಸ್ವಿಚ್ 1 ಆಫ್, 2 ಆಫ್.
ಲೈಟ್ ಆನ್: ಬ್ರೇಕ್ ಸ್ವಿಚ್ 1 ಆನ್, 2 ಆಫ್. ಕೋಡ್ ಪಿ0504.
ಬ್ರೇಕ್ ಲೈಟ್ ವೈರಲ್ಲಿ, ಪೆಡಲ್ ಮುಟ್ಟದೆ, ಲೈಟ್ ಆನ್ ಇದ್ದಾಗ ಮಲ್ಟಿಮೀಟರ್ 7.4 ವೋಲ್ಟ್ ತೋರಿಸುತ್ತೆ. ಎಡಗಡೆ ಬಲ್ಬ್ ಕಿತ್ತರೆ ಸೊನ್ನೆ.
ಎಬಿಎಸ್‌ನಲ್ಲಿ ಹಿಂದಿನ ಎಡ ಚಕ್ರ 30ರಲ್ಲಿ ಹೋಗುವಾಗ ಆಗಾಗ 0ಗೆ ಬಿದ್ದು ಮೇಲೇಳುತ್ತೆ.

ಬಿಎಂರೋಡ್_ಎಲೆಕ್ಟ್ರಿಕಲ್

ಅರ್ಧ ಕೆಲಸ ನೀವೇ ಮುಗಿಸಿದ್ದೀರಿ.

ಆಗಿರೋದಿಷ್ಟು. ಎಡಗಡೆ ಲೈಟಿನ ಅರ್ತ್ (ಚಾಸಿ ಮೂಲಕ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗೋ ವೈರ್) ಹೋಗಿದೆ. ಆ ಬಲ್ಬಲ್ಲಿ 5 ವ್ಯಾಟಿನ ಪಾರ್ಕಿಂಗ್ ಫಿಲಮೆಂಟ್, 21 ವ್ಯಾಟಿನ ಬ್ರೇಕ್ ಫಿಲಮೆಂಟ್ ಎರಡಕ್ಕೂ ಅರ್ತ್ ಒಂದೇ. ಪಾರ್ಕಿಂಗ್ ಲೈಟಿನ ಕರೆಂಟಿಗೆ ಅರ್ತಿಗೆ ಹೋಗೋ ದಾರಿ ಸಿಗದೆ 21 ವ್ಯಾಟಿನ ಫಿಲಮೆಂಟಲ್ಲಿ ಹಿಂದುಮುಂದಾಗಿ ನುಗ್ಗಿ ಬ್ರೇಕ್ ಲೈಟಿನ ವೈರಿಗೆ ಬರುತ್ತೆ. ಬಲಗಡೆಯೂ ಮಾಮೂಲಿ ಬಲ್ಬ್ ಇದ್ದಿದ್ರೆ ಅದರ ತಣ್ಣಗಿನ ಫಿಲಮೆಂಟ್ ಈ ಕರೆಂಟನ್ನ ಅರ್ತಿಗೆ ಎಳೆದು ವೋಲ್ಟೇಜನ್ನ ಸೊನ್ನೆ ಹತ್ತಿರವೇ ಇಟ್ಟಿರ್ತಿತ್ತು, ಇಸಿಯುಗೆ ಗೊತ್ತೇ ಆಗ್ತಿರಲಿಲ್ಲ. ಎಲ್‌ಇಡಿ ಹಂಗೆ ಎಳೆಯಲ್ಲ. ಅದಕ್ಕೇ 7.4 ವೋಲ್ಟ್ ನಿಂತಿದೆ, ಇಸಿಯು "ಬ್ರೇಕ್ ಒತ್ತಿದ್ದಾರೆ" ಅಂದ್ಕೊಂಡು ಕ್ರೂಸ್ ಬಿಡ್ತಿದೆ. ಎರಡು ಸಣ್ಣ ತಪ್ಪು ಸೇರಿ ಒಂದು ದೊಡ್ಡ ತಲೆನೋವು.

ರಿಪೇರಿ: ಎಡ ಲೈಟಿನ ಹೋಲ್ಡರ್ ಮೊದಲು ನೋಡಿ. ಅರ್ತ್ ಪಿನ್ ಕಪ್ಪಾಗಿ ಪ್ಲಾಸ್ಟಿಕ್ ಕರಗಿದ್ರೆ ಹೋಲ್ಡರ್ರೇ ಬದಲಾಯಿಸಿ, ಉಜ್ಜಿ ಪ್ರಯೋಜನ ಇಲ್ಲ. ಅದು ಚೆನ್ನಾಗಿದ್ರೆ ಅರ್ತ್ ವೈರ್ ಚಾಸಿಗೆ ಬೋಲ್ಟ್ ಆಗೋ ಜಾಗ ಬಿಚ್ಚಿ, ಪೇಂಟು ತುಕ್ಕು ಹೋಗಿ ಬಿಳಿ ಲೋಹ ಕಾಣೋ ತನಕ ಎಮರಿ ಹಾಕಿ, ಹಲ್ಲಿನ ವಾಷರ್ ಕೊಟ್ಟು ಬಿಗಿ ಮಾಡಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಜೆಲ್ಲಿ ಬಿಗಿ ಮಾಡಿದ ಮೇಲೆ, ಮೊದಲಲ್ಲ. ಎರಡೂ ಕಡೆ 12 ವೋಲ್ಟ್ 21/5 ವ್ಯಾಟಿನ ಮಾಮೂಲಿ ಬಲ್ಬ್ ಹಾಕಿ.

ಅಳತೆ ಮಾಡಿ ಮುಗಿಸಿ: ಲೈಟ್ ಆನ್ ಇಟ್ಟು, ಮೀಟರಿನ ಕಪ್ಪು ತುದಿ ಬ್ಯಾಟರಿ ನೆಗೆಟಿವ್‌ಗೆ, ಕೆಂಪು ತುದಿ ಹೋಲ್ಡರಿನ ಅರ್ತ್ ಪಿನ್ನಿಗೆ. 0.1 ವೋಲ್ಟಿನ ಒಳಗಿದ್ರೆ ಉತ್ತಮ, 0.2 ದಾಟಿದ್ರೆ ಇನ್ನೂ ಎಲ್ಲೋ ಕಚ್ಚಿಲ್ಲ. ಬರೀ ಮೀಟರಿನ ಬಝರ್ (ವೈರ್ ತುಂಡಾಗಿಲ್ಲ ಅಂದ್ರೆ ಕೂಗೋದು) ಇಟ್ಟು ನೋಡಬೇಡಿ. ವೈರಿನ ಒಂದೇ ಎಳೆ ಉಳಿದಿದ್ರೂ ಬಝರ್ ಕೂಗುತ್ತೆ, ಲೋಡ್ ಬಿದ್ದಾಗ ಕೈ ಕೊಡುತ್ತೆ.

ಕುಲುಕಿದಾಗ ಬಿಡೋದಕ್ಕೆ ಇನ್ನೆರಡು ಕಾರಣ ಇರಬಹುದು. ಒಂದು ಬ್ರೇಕ್ ಪೆಡಲ್ ಮೇಲಿನ ಸ್ವಿಚ್. ಸ್ವಿಚ್ಚಿನ ಮೈಗೂ ಪೆಡಲ್ ಸ್ಟಾಪರಿಗೂ ಸಾಮಾನ್ಯವಾಗಿ 1 ಮಿ.ಮೀ. ಆಸುಪಾಸಿನ ಸಂದು ಇರುತ್ತೆ, ಸರಿಯಾದ ಲೆಕ್ಕ ಆ ಗಾಡಿಯ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಸಿಗುತ್ತೆ. ಸಂದು ಜಾಸ್ತಿ ಇದ್ರೆ ಪೆಡಲ್ ಅದುರಿದಾಗೆಲ್ಲ ಸಿಗ್ನಲ್ ಹೋಗುತ್ತೆ. ಪೆಡಲ್ ತೋಳಿನ ಮೇಲೆ ಸ್ವಿಚ್ಚಿನ ಮೊನೆ ತಾಗೋ ಜಾಗದಲ್ಲಿ ಒಂದು ಸಣ್ಣ ರಬ್ಬರ್ ಬಿಲ್ಲೆ ಇರುತ್ತೆ, ಹಳೇದಾದ್ರೆ ಪುಡಿಯಾಗಿ ಬೀಳುತ್ತೆ. ಕ್ಲಚ್ಚಿಗೂ ಅದೇ. ಡ್ರೈವರ್ ಮ್ಯಾಟಿನ ಮೇಲೆ ರಬ್ಬರ್ ಚೂರು ಸಿಕ್ಕಿದ್ರೆ ಬಿಸಾಡೋ ಮೊದಲು ಮೇಲೆ ತಲೆ ಎತ್ತಿ ನೋಡಿ. ಇನ್ನೊಂದು ನಿಮ್ಮ ಹಿಂದಿನ ಎಡ ಚಕ್ರ. ವೇಗ 0ಗೆ ಬಿದ್ದ ಕ್ಷಣ ಎಬಿಎಸ್ಸೂ ಹೆದರುತ್ತೆ, ಕ್ರೂಸೂ ಬಿಡುತ್ತೆ.

ಚಾರ್ಮಾಡಿ_ಡೀಸೆಲ್

ಆ ಚಕ್ರದ ವೇಗದ ಸೆನ್ಸರ್ ಬದಲಾಯಿಸೋ ಮೊದಲು ಬಿಚ್ಚಿ ಒರೆಸಿ. ಬ್ರೇಕಿನಿಂದ ಉದುರಿದ ಕಬ್ಬಿಣದ ಪುಡಿ, ತೋಟದ ಕೆಸರು ಸೇರಿ ಮೂತಿಗೆ ಮೆತ್ತಿರುತ್ತೆ. ಆಮೇಲೆ ವೈರ್ ಆಕ್ಸಲಿಂದ ಚಾಸಿಗೆ ಜಿಗಿಯೋ ಜಾಗ ಕೈಯಲ್ಲಿ ಬಗ್ಗಿಸ್ತಾ ಲೈವ್ ಡೇಟಾ ನೋಡಿ. ಹೊರಗೆ ನೆಟ್ಟಗಿದ್ದು ಒಳಗೆ ತುಂಡಾಗಿರುತ್ತೆ. ಇತ್ತೀಚಿನ ಸೆನ್ಸರಿಗೆ ಓಮ್ಸ್ ಅಳೆದು ತೀರ್ಮಾನ ಮಾಡಬೇಡಿ. ಎರಡು ವೈರ್ ಇದ್ರೂ ಒಳಗೆ ಎಲೆಕ್ಟ್ರಾನಿಕ್ಸ್ ಇರೋ ಜಾತಿಯಾದ್ರೆ ಆ ಅಳತೆಗೆ ಅರ್ಥವೇ ಇಲ್ಲ. ಕೀ ಆನ್ ಮಾಡಿ ಕನೆಕ್ಟರಿಗೆ ಕರೆಂಟ್ ಬರ್ತಿದೆಯಾ ನೋಡೋದೇ ಸರಿ.

ಬೇರಿಂಗ್ ಬದಲಾಯಿಸಿದ ಚಕ್ರವಾದ್ರೆ ಸೆನ್ಸರ್ ವೇಗ ಓದೋ ಹಲ್ಲಿನ ರಿಂಗೂ ನೋಡಿ. ಕಾಂತದ ರಿಂಗ್ ಇರೋ ಬೇರಿಂಗನ್ನ ತಿರುವುಮುರುವಾಗಿ ಹೊಡೆದಿದ್ರೆ ಸಿಗ್ನಲ್ಲೇ ಇರಲ್ಲ. ನಿಮ್ಮದು ಆಗಾಗ ಬಿಡೋದ್ರಿಂದ ಅದಲ್ಲ ಅನ್ಸುತ್ತೆ, ವೈರೇ ಇರಬೇಕು.

ಗೊರೂರು_ಗೇರ್

ಯೂಟ್ಯೂಬಲ್ಲಿ ಅಮೆರಿಕದ ಪಿಕಪ್ ವಿಡಿಯೋ ನೋಡಿದೆ. ಕ್ರೂಸ್ ಹೋಗಿದ್ರೆ ಬ್ರೇಕ್ ಮಾಸ್ಟರ್ ಸಿಲಿಂಡರ್ ಮೇಲಿನ ಪ್ರೆಶರ್ ಸ್ವಿಚ್ ಬದಲಾಯಿಸಿ ಅಂತಾರೆ. ಇದಕ್ಕೂ ಅದೇ ಅಲ್ವಾ?

ಬಿಎಂರೋಡ್_ಎಲೆಕ್ಟ್ರಿಕಲ್

ಅಲ್ಲ ಗುರುಗಳೇ. ಅದು ಫೋರ್ಡ್ ಎಫ್-150 ಮುಂತಾದ ಹಳೇ ಗಾಡಿಗಳ ಕಥೆ. ಆ ಸ್ವಿಚ್ಚಿನೊಳಗಿನ ತೆಳು ಪದರ ಸೀಳಿ ಬ್ರೇಕ್ ಆಯಿಲ್ ಕರೆಂಟಿನ ಕಡೆ ಸೋರುತ್ತಿತ್ತು. ಕೀ ತೆಗೆದ ಮೇಲೂ ಅದಕ್ಕೆ ಕರೆಂಟ್ ಇರ್ತಿದ್ದರಿಂದ ನಿಲ್ಲಿಸಿದ ಗಾಡಿಗೇ ಬೆಂಕಿ ಹತ್ತಿದ್ದುಂಟು. 1999ರಿಂದ 2009ರವರೆಗೆ ಹಂತ ಹಂತವಾಗಿ ಒಂದು ಕೋಟಿಗೂ ಹೆಚ್ಚು ಗಾಡಿ ವಾಪಸ್ ಕರೆಸಿದ್ರು. ಇಲ್ಲಿ ಮಾತಾಡ್ತಿರೋ ಗಾಡಿಯಲ್ಲಿ ಸ್ವಿಚ್ ಇರೋದು ಪೆಡಲ್ ಹತ್ತಿರ. ಆ ವಿಡಿಯೋ ನೋಡಿ ಮಾಸ್ಟರ್ ಸಿಲಿಂಡರಿಗೆ ಸ್ಪ್ಯಾನರ್ ಹಾಕಬೇಡಿ.

ಇನ್ನು ಹಾರ್ನ್. ಸ್ಟೇರಿಂಗ್ ತಿರುಗಿಸಿದಾಗ ಮಾತ್ರ ಕೈ ಕೊಡೋದು ಕ್ಲಾಕ್ ಸ್ಪ್ರಿಂಗ್. ಸ್ಟೇರಿಂಗ್ ಒಳಗೆ ಸುರುಳಿ ಸುತ್ತಿದ ಪಟ್ಟಿ ವೈರ್ ಅದು, ಹಾರ್ನ್, ಕ್ರೂಸ್ ಬಟನ್, ಏರ್‌ಬ್ಯಾಗ್ ಮೂರೂ ಅದರಲ್ಲೇ ಹೋಗ್ತವೆ. ಇವತ್ತು ಹಾರ್ನ್, ನಾಳೆ ಏರ್‌ಬ್ಯಾಗ್ ದೀಪ. ಇದನ್ನ ಮನೆಯಲ್ಲಿ ಬಿಚ್ಚೋ ಕೆಲಸ ಅಲ್ಲ. ಮಾಡಿಸುವಾಗ ಪಕ್ಕದಲ್ಲಿ ನಿಂತು ನೋಡಿ: ಬ್ಯಾಟರಿ ನೆಗೆಟಿವ್ ತೆಗೆದು ಕನಿಷ್ಠ 3 ನಿಮಿಷ ಕಾಯಬೇಕು, ಮುಂದಿನ ಚಕ್ರ ನೇರ ಇರಬೇಕು, ಏರ್‌ಬ್ಯಾಗಿನ ಹಳದಿ ಕನೆಕ್ಟರಿಗೆ ಮಲ್ಟಿಮೀಟರ್ ಚುಚ್ಚಲೇಬಾರದು. ಹೊಸ ಸ್ಪ್ರಿಂಗನ್ನ ಮಧ್ಯಕ್ಕೆ ತಂದು, ಅದರ ಮೇಲಿನ ಗುರುತು ಕೂಡಿಸಿಯೇ ಕೂರಿಸಬೇಕು. ಹಂಗೇ ಕೂರಿಸಿದ್ರೆ ಮೊದಲ ಯೂ-ಟರ್ನಲ್ಲೇ ಪಟ್ಟಿ ಹರಿಯುತ್ತೆ. ಅಗ್ಗದ ಡೂಪ್ಲಿಕೇಟ್ ಬೇಡ, ಇದು ಏರ್‌ಬ್ಯಾಗಿನ ವಿಷಯ.

ಗುಜರಿ ಇಸಿಯು ಮಾತ್ರ ಯಾರು ಹೇಳಿದ್ರೂ ಬೇಡ. ಇಮ್ಮೊಬಿಲೈಜರ್ (ಕಳ್ಳತನ ತಡೆಯೋ ಎಲೆಕ್ಟ್ರಾನಿಕ್ ಬೀಗ) ನಿಮ್ಮ ಕೀಯನ್ನ ಗುರುತಿಸಲ್ಲ, ಒಂದೊಂದು ಇಂಜೆಕ್ಟರಿನ ಕೋಡೂ ಆ ಇಸಿಯುನಲ್ಲಿ ಬರೆದಿರುತ್ತೆ. ಕೋಡಿಂಗ್ ಮಾಡೋರಿಲ್ಲದೆ ಅದು ಬರೀ ಪೆಟ್ಟಿಗೆ.

ಚಾರ್ಮಾಡಿ_ಡೀಸೆಲ್

ಅಡ್ವಾನ್ಸ್ ಕೊಡೋ ಮೊದಲು ಇನ್ನೆರಡು. ಸ್ಕ್ಯಾನರಲ್ಲಿ "ಕೋಡ್ ಅಳಿಸಿದ ಮೇಲೆ ಓಡಿದ ದೂರ" ಅಂತ ಒಂದು ಲೆಕ್ಕ ಬರುತ್ತೆ. 94 ಸಾವಿರ ಓಡಿದ ಗಾಡಿಯಲ್ಲಿ ಅದು 12 ಕಿ.ಮೀ. ತೋರಿಸಿದ್ರೆ ನೀವು ಬರೋ ಮುಂಚೆ ಯಾರೋ ಒರೆಸಿದ್ದಾರೆ. ಹಾಗೇ ಕೀ ಆನ್ ಮಾಡಿದಾಗ ಚೆಕ್ ಇಂಜಿನ್, ಎಬಿಎಸ್, ಏರ್‌ಬ್ಯಾಗ್ ದೀಪ ಮೂರೂ ಬಂದು ಹೋಗಬೇಕು. ಯಾವುದಾದ್ರೂ ಬರಲೇ ಇಲ್ಲ ಅಂದ್ರೆ ಅದು ಗುಣ ಅಲ್ಲ, ಬಾಯಿ ಮುಚ್ಚಿಸಿದ್ದಾರೆ.

ಬ್ಯಾಟರಿ: ರಾತ್ರಿ ನಿಂತ ಗಾಡಿಯಲ್ಲಿ ಬೆಳಿಗ್ಗೆ 12.6 ವೋಲ್ಟ್ ಆಸುಪಾಸು, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು, ಇಂಜಿನ್ ಓಡುವಾಗ 13.8ರಿಂದ 14.5. ಇದು ಏರುಪೇರಾದ್ರೆ ಎಬಿಎಸ್, ಸ್ಟೇರಿಂಗ್, ಕ್ರೂಸ್ ಎಲ್ಲದರ ದೀಪವೂ ಸುಳ್ಳುಸುಳ್ಳೇ ಹತ್ತಿಕೊಳ್ಳುತ್ತೆ.

ರಿಪೇರಿ ಆದ ಮೇಲೆ ಪರೀಕ್ಷೆ ಫೋರ್‌ಲೇನಲ್ಲೇ ಮಾಡಿ, ಒಣ ರಸ್ತೆಯಲ್ಲಿ. ಶಿರಾಡಿ, ಚಾರ್ಮಾಡಿಯಲ್ಲಿ ಕ್ರೂಸ್ ಹಾಕೋ ಹುಚ್ಚು ಬೇಡ. ಇಳಿಜಾರಲ್ಲಿ ಈ ಮಾಮೂಲಿ ಕ್ರೂಸ್ ಬ್ರೇಕ್ ಹಾಕಲ್ಲ, ಗಾಡಿ ಸೆಟ್ ಮಾಡಿದ್ದಕ್ಕಿಂತ ಜೋರಾಗಿ ಇಳಿಯುತ್ತೆ.

ಮೆಣಸಿನಬಳ್ಳಿ_ಮೂಡಿಗೆರೆ

ಎಡ ಲೈಟಿನ ಹೋಲ್ಡರ್ ಕರಗಿತ್ತು, ಹೊಸದು ಹಾಕಿ ಎರಡೂ ಕಡೆ ಮಾಮೂಲಿ ಬಲ್ಬ್ ಹಾಕಿದ್ವಿ. ಅರ್ತ್ 0.06 ವೋಲ್ಟ್, ಬ್ರೇಕ್ ವೈರಲ್ಲಿ ಸೊನ್ನೆ. ಲೈಟ್ ಹಾಕಿಯೇ ಶಾಂತಿಗ್ರಾಮದಿಂದ ಚನ್ನರಾಯಪಟ್ಟಣದವರೆಗೆ 80ರಲ್ಲಿ ಹಿಡಿದು ನಿಂತಿತು, ಒಂದೇ ಒಂದು ಸಲ ಬಿಟ್ಟಿತು, ಆಗಲೂ ಎಡ ಹಿಂದಿನ ಚಕ್ರ ಸೊನ್ನೆಗೆ ಬಿದ್ದಿತ್ತು. ಕೋಡ್ ಅಳಿಸಿದ ದೂರ 6,300 ಕಿ.ಮೀ. ಇದೆ, ಇತ್ತೀಚೆಗೆ ಯಾರೂ ಒರೆಸಿಲ್ಲ. ಚಕ್ರದ ಸೆನ್ಸರ್ ವೈರು, ಕ್ಲಾಕ್ ಸ್ಪ್ರಿಂಗ್ ಎರಡರ ಖರ್ಚು ಬೆಲೆಯಲ್ಲಿ ಕಳೆದುಕೊಡಿ ಅಂತ ಕೇಳಿದ್ದೀನಿ, ಸೋಮವಾರ ಹೇಳ್ತಾರಂತೆ.