ಗೋಡೆಯ ಬೂಷ್ಟಿನಿಂದಲೇ ಅಪ್ಪನಿಗೆ ಬ್ಲ್ಯಾಕ್ ಫಂಗಸ್ ಬಂತೇ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. 2021ರ ಮೇ ತಿಂಗಳಲ್ಲಿ ಕೋವಿಡ್ ಆದಮೇಲೆ ಅಪ್ಪನಿಗೆ ಬ್ಲ್ಯಾಕ್ ಫಂಗಸ್ ಬಂದು ಒಂದು ಕಣ್ಣು ಹೋಯಿತು. ಅವರಿಗೆ ಶುಗರ್ ಇತ್ತು, ಸ್ಟೀರಾಯ್ಡ್ ಕೊಟ್ಟಿದ್ದರು. ಅಮ್ಮನಿಗೂ ಕೋವಿಡ್ ಬಂದಿತ್ತು, ಆದರೆ ಫಂಗಸ್ ತಾಗಲಿಲ್ಲ. ನಮ್ಮದು ಮಲೆನಾಡು, ಮಳೆಗಾಲದಲ್ಲಿ ಗೋಡೆಗೆಲ್ಲ ಬೂಷ್ಟು. ‘ನಾನು ಸರಿಯಾಗಿ ಒರೆಸಿದ್ದರೆ’ ಅಂತ ಅಮ್ಮ ಈಗಲೂ ಕೊರಗುತ್ತಾರೆ.

ಉತ್ತರ (ಮೈಕ್ರೋಬಯಾಲಜಿ ವೈದ್ಯೆ): ಅಮ್ಮನ ತಪ್ಪು ಇದರಲ್ಲಿ ಏನೂ ಇಲ್ಲ, ದಯವಿಟ್ಟು ಹೇಳಿ. ಈ ಕಾಯಿಲೆ ತರುವುದು ಹೆಚ್ಚಾಗಿ ರೈಜೋಪಸ್, ಹಳೇ ಬ್ರೆಡ್ಡಿನ ಮೇಲೆ ಹತ್ತಿಯಂತೆ ಏಳುತ್ತದಲ್ಲ, ಆ ಬಳಗದ್ದು. ಅದರ ಬೀಜಕಗಳು ಮಣ್ಣಲ್ಲಿ, ಗಾಳಿಯಲ್ಲಿ ಎಲ್ಲೆಲ್ಲೂ ಇವೆ. ಅಮ್ಮನೂ ಅವನ್ನು ಉಸಿರಾಡಿದ್ದಾರೆ, ನಾನೂ ಉಸಿರಾಡುತ್ತಿದ್ದೇನೆ.

ಒಳಗೆ ಹೋದ ಬೀಜಕವನ್ನು ಮ್ಯಾಕ್ರೋಫೇಜ್ ಎಂಬ ಕಾವಲು ಕಣ ನುಂಗುತ್ತದೆ. ಕೊಲ್ಲುವುದು ಸುಲಭವಲ್ಲ, ಆದರೆ ಕಬ್ಬಿಣದಂಶ ಸಿಗದಂತೆ ಮಾಡಿ ಮೊಳೆಯದ ಹಾಗೆ ಒತ್ತಿ ಹಿಡಿದಿರುತ್ತದೆ. ಮೊಳೆತು ಎಳೆ ಬಿಟ್ಟಿತೋ, ನುಂಗುವ ಮಾತಿಲ್ಲ. ಸ್ಲೈಡಿನಲ್ಲಿ ಆ ಎಳೆ ಮಡಚಿದ ರಿಬ್ಬನ್ನಿನ ಹಾಗೆ ಕಾಣುತ್ತದೆ, ಅಗಲವೇ 10 ಮೈಕ್ರಾನ್ ದಾಟಬಹುದು. ಅದರ ಮೇಲೆ ಬೀಳುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ ಇಡಿಯಾಗಿ 12–15 ಮೈಕ್ರಾನ್ ಅಷ್ಟೇ. ಹಾಗಾಗಿ ಅವು ಗುಂಪುಗೂಡಿ ಎಳೆಗೆ ಅಂಟಿಕೊಂಡು, ಅದನ್ನು ಸುಡುವಂಥ ರಾಸಾಯನಿಕಗಳನ್ನು ಮೈಮೇಲೆ ಸುರಿಯುತ್ತವೆ.

ಶುಗರ್ ಹತೋಟಿ ತಪ್ಪಿದಾಗ ನ್ಯೂಟ್ರೋಫಿಲ್‌ಗಳು ತಲುಪುವುದೂ ತಡ, ಕೊಲ್ಲುವ ಶಕ್ತಿಯೂ ಕಡಿಮೆ. ರಕ್ತದಲ್ಲಿ ಆಮ್ಲ ಏರಿತೆಂದರೆ, ಪ್ರೋಟೀನು ಕಟ್ಟಿಟ್ಟಿದ್ದ ಕಬ್ಬಿಣದಂಶ ಕಳಚಿಕೊಂಡು ಫಂಗಸ್ಸಿನ ಪಾಲಾಗುತ್ತದೆ. ಸ್ಟೀರಾಯ್ಡ್ ಆ ಕಾವಲು ಕಣದ ಹಿಡಿತವನ್ನೂ ಸಡಿಲಿಸುತ್ತದೆ, ಸಕ್ಕರೆಯನ್ನೂ ಏರಿಸುತ್ತದೆ. ಆದರೆ ಆಕ್ಸಿಜನ್ ಬೇಕಾದಷ್ಟು ಸೀರಿಯಸ್ ಆದ ಎಷ್ಟೋ ಕೋವಿಡ್ ರೋಗಿಗಳನ್ನು ಉಳಿಸಿದ್ದೂ ಅದೇ ಔಷಧಿ. ಆ ವರ್ಷ ದೇಶದಲ್ಲಿ 40 ಸಾವಿರಕ್ಕೂ ಹೆಚ್ಚು ಜನಕ್ಕೆ ಹೀಗಾಯಿತು. ಅಷ್ಟು ಮನೆಯ ಗೋಡೆಗಳೂ ಬೂಷ್ಟು ಹಿಡಿದಿರಲಿಲ್ಲ.

ಪ್ರಶ್ನೆ: ಅಮ್ಮನಿಗೆ ಓದಿ ಹೇಳಿದೆ, ಎರಡು ಸಲ ಓದಿಸಿಕೊಂಡರು. ‘ಗೋಡೆಯದೂ ಕಪ್ಪೇ ಇತ್ತಲ್ಲ’ ಅಂತ ಕೇಳ್ತಿದ್ದಾರೆ.

ಉತ್ತರ: ಒದ್ದೆ ಗೋಡೆಯ ಕಪ್ಪು ಸಾಮಾನ್ಯವಾಗಿ ಬೇರೆಯೇ ಜಾತಿ. ಅಪ್ಪನಿಗೆ ಬಂದಿದ್ದರ ಕಪ್ಪು ಫಂಗಸ್ಸಿನ ಬಣ್ಣವೇ ಅಲ್ಲ. ಎಳೆ ರಕ್ತನಾಳಕ್ಕೆ ನುಗ್ಗಿ ರಕ್ತ ಹೆಪ್ಪುಗಟ್ಟುತ್ತದೆ, ರಕ್ತ ಸಿಗದ ಮಾಂಸ ಸತ್ತು ಕಪ್ಪಾಗುತ್ತದೆ. ಅಲ್ಲಿಗೆ ಬಿಳಿ ರಕ್ತಕಣವೂ ಹೋಗಲಾರದು, ಆಂಫೊಟೆರಿಸಿನ್ ಔಷಧಿಯೂ ಸರಿಯಾಗಿ ತಲುಪದು. ಅದಕ್ಕೇ ಸತ್ತ ಭಾಗವನ್ನು ತೆಗೆಯಬೇಕಾಗುವುದು.

ಈಗ ಅಪ್ಪನ ಶುಗರ್ ಹತೋಟಿಯಲ್ಲಿರಲಿ. ಒಂದೇ ಕಡೆ ಕೆನ್ನೆ ನೋವು, ಮೂಗಿನಲ್ಲಿ ಕಪ್ಪು ಸಿಂಬಳ, ಮೇಲಿನ ಹಲ್ಲು ಅಲುಗುವುದು, ಯಾವುದು ಕಂಡರೂ ಅದೇ ದಿನ ಇಎನ್‌ಟಿ ಡಾಕ್ಟರಿಗೆ ತೋರಿಸಿ.